ಠಾಣೆಯ ಬೀರುವಿನಲ್ಲಿ ಲಿಂಗ

ಸಿರಿಗೇರಿಯ ಅಕ್ಕನಾಗಮ್ಮನ ಬಾಯಿ ದೊಡ್ಡದು, ಕೈ ಗಟ್ಟಿ. ಬಾಯಿಗೆ ಊರು ಹೆದರುತ್ತಿತ್ತು, ಕೈಗೆ ಊರು ಕೈಮುಗಿಯುತ್ತಿತ್ತು. ಯಾಕಂದರೆ ಕುರುಗೋಡಿನಿಂದ ಸಿರುಗುಪ್ಪದ ತನಕ ಲಿಂಗ ಕಟ್ಟಿದವರ ಕೊರಳಲ್ಲಿ ಅವಳು ಹೊಸೆದ ಶಿವದಾರವೇ ಹೆಚ್ಚು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅವ್ವನೂ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಮ್ಮ ಮರಿಬಸಪ್ಪನನ್ನು ಮಡಿಲಿಗೆ ಹಾಕಿಕೊಂಡಳು. ಮಠದ ಅಯ್ಯನವರು ಆ ಕೂಸಿಗೆ ಲಿಂಗ ಕಟ್ಟಿದ್ದೂ ಅವಳ ತೊಡೆಯ ಮೇಲೆಯೇ. "ನಾ ಹೊಸೆದ ದಾರ ಹರೀತು ಅಂದ್ರ ನನ್ನ ಹೆಸರ ಬದಲಿ ಮಾಡ್ರಿ" ಅನ್ನುತ್ತಿದ್ದಳು. ಜಂಬ ಅನ್ನಿ ಬೇಕಾದರೆ, ಇತ್ತು.

ತಮ್ಮ ಮೆತ್ತಗಿನ ಮನುಷ್ಯ. ಮದುವೆಯೂ ಒಲ್ಲೆ ಅಂದು ಹೊಲ, ಮನೆ, ಅಕ್ಕ ಅಂತಲೇ ಇದ್ದುಬಿಟ್ಟಿದ್ದ. ಒಂದು ವಿಷಯಕ್ಕೆ ಮಾತ್ರ ಬಗ್ಗುವವನಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರನ್ನೂ ಗಂಟಲಿಗೆ ಇಳಿಸುತ್ತಿರಲಿಲ್ಲ. ಮೈ ಸುಡುವ ಜ್ವರ ಬಂದಾಗಲೂ ಅಷ್ಟೇ. ಅದನ್ನು ಕಲಿಸಿದವಳು ಅಕ್ಕನಾಗಮ್ಮನೇ.

ಎಪ್ಪತ್ತಮೂರನೇ ಇಸವಿಯ ಬೇಸಿಗೆ. ಪಕ್ಕದ ಹೊಲದವರ ಪಂಪ್‌ಸೆಟ್ ಮೋಟಾರು ಕಳುವಾಯಿತು. ಬೆಳಗಿನ ಪೂಜೆಗೂ ಮುಂಚೆಯೇ ಪೊಲೀಸರು ಬಂದರು, ಕೈಗೆ ಸಿಕ್ಕ ಮರಿಬಸಪ್ಪನನ್ನು ವಿಚಾರಣೆ ಅಂತ ಕರೆದುಕೊಂಡು ಹೋದರು. ಯಾವ ಠಾಣೆ ಅಂತ ಕೇಳಬೇಡಿ, ಹೆಸರು ಹೇಳಿ ನನಗೇನಾಗಬೇಕು. ರಸ್ತೆಗೆ ಹತ್ತಿಕೊಂಡಿತ್ತು, ತಗಡಿನ ಮಾಡು, ಮಧ್ಯಾಹ್ನ ಆಯಿತೆಂದರೆ ಒಳಗೆ ಒಲೆಯ ಮುಂದೆ ಕೂತಂತೆ.

ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಚಿದಾನಂದಪ್ಪ ಹೊಡೆಯುವವನಲ್ಲ, ಬಡಿಯುವವನಲ್ಲ. ಆದರೆ ಮೈಗಳ್ಳ, ಮೇಲಿನವರೆಂದರೆ ಪುಕ್ಕಲ. ಇನ್ನೆಲ್ಲೋ ಒಬ್ಬ ಲಾಕಪ್ಪಿನಲ್ಲಿ ಪೈಜಾಮದ ಲಾಡಿಗೆ ನೇಣು ಹಾಕಿಕೊಂಡಿದ್ದನಂತೆ. ಒಳಗೆ ಹಾಕಿದವರ ಮೈಮೇಲೆ ದಾರ ಅನ್ನುವುದೇ ಇರಬಾರದು ಅಂತ ಮೇಲಿನಿಂದ ಹುಕುಂ ಆಗಿತ್ತು. ಮರಿಬಸಪ್ಪನ ಶಿವದಾರವನ್ನು ಜಗ್ಗಿ ನೋಡಿ, "ಅಬ್ಬಬ್ಬಾ, ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ ಇದು" ಅಂದ. ಬೆಳ್ಳಿ ಕರಡಿಗೆ, ಅದರೊಳಗಿನ ಲಿಂಗದ ಸಮೇತ ದಾರ ಬಿಚ್ಚಿಸಿ ಬೀರುವಿನಲ್ಲಿಟ್ಟ. ಠಾಣೆಯ ರೈಟರು ಅದಕ್ಕೆ ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ಕೋರ್ಟಿನ ಕೆಲಸಕ್ಕೆ ಬಳ್ಳಾರಿಯ ಬಸ್ಸು ಹತ್ತಿದ.

ಮರುದಿನ ಅಕ್ಕನಾಗಮ್ಮ ರೊಟ್ಟಿ ಗಂಟು ಹಿಡಿದು ಬಂದಾಗ ತಮ್ಮ ಗೋಡೆಗೆ ಒರಗಿ ಕೂತಿದ್ದ. ತುಟಿ ಒಣಗಿ ಒಡೆದಿತ್ತು. ಪಕ್ಕದಲ್ಲಿ ನೀರಿನ ತಂಬಿಗೆ ತುಂಬಿದಂತೆಯೇ ಇತ್ತು.

"ಲೇ ತಮ್ಮಾ, ನೀರರ ಕುಡಿಯೋ!"

"ಲಿಂಗ ಇಲ್ಲಕ್ಕಾ. ದಾರ ಇರಬಾರ್ದಂತ ಬಿಚ್ಚಿಸಿ ಬೀರುದಾಗ ಇಟ್ಟಾರ."

ಅವಳು ತಿರುಗಿ ಚಿದಾನಂದಪ್ಪನ ಮೇಲೆ ಹರಿಹಾಯ್ದಳು. "ದಾರಕ್ಕ ಹೆದರಿದ್ರ ದಾರ ಇಟ್ಕೊಳ್ರಿ! ಲಿಂಗ ಯಾಕ ಇಟ್ಕೊಂಡ್ರಿ?"

ಹೌದಲ್ಲ ಅನ್ನುವಂತೆ ಅವನು ತಲೆ ಕೆರೆದುಕೊಂಡ. ಅದು ಅವನಿಗೆ ಹೊಳೆದೇ ಇರಲಿಲ್ಲ. "ಕೀಲಿ ರೈಟರ್ ಹತ್ರ ಐತಬೇ. ಅಂವ ಬಳ್ಳಾರಿಗೆ ಹೋಗ್ಯಾನ."

"ಬೀಗ ಒಡೀರಿ."

"ಸರಕಾರಿ ಬೀರು ಅದು! ನನ್ನ ನೌಕರಿ ಹೋಗ್ತೈತಿ. ಹಸಿವಾದ್ರ ತಾನ ಉಣ್ತಾನ ಬಿಡು, ಹಠ ಎಷ್ಟೊತ್ತು ನಡೀತೈತಿ?"

"ನೀವೂ ಲಿಂಗವಂತರ ಅಲ್ಲೇನ್ರಿ? ನಿಮ್ಮ ಕೊರಳಾಗಿನ ಲಿಂಗ ಎಲ್ಲೈತ್ರಿ?"

"ಮನ್ಯಾಗ, ಟ್ರಂಕಿನಾಗ" ಅಂದು ನಕ್ಕ. ಅಂಥವನಿಗೆ ಏನು ಹೇಳುವುದು, ಹೇಳಿ.

ಅಕ್ಕನಾಗಮ್ಮ ಸೆರಗಿನ ಮರೆಯಲ್ಲಿ ತನ್ನ ಲಿಂಗವನ್ನೇ ತೆಗೆದು ಸರಳಿನ ಸಂದಿಯಿಂದ ಚಾಚಿದಳು. ಮರಿಬಸಪ್ಪ ಕೈ ಹಿಂದಕ್ಕೆಳೆದುಕೊಂಡ. "ಒಬ್ಬರದು ಇನ್ನೊಬ್ಬರು ಮುಟ್ಟಬಾರ್ದು ಅಂತ ನೀನ ಹೇಳಿಕೊಟ್ಟಿಯಲ್ಲಕ್ಕಾ." ಅಯ್ಯನವರನ್ನು ಕರೆತಂದು ಹೊಸದು ಕಟ್ಟಿಸುತ್ತೇನೆ ಅಂದಳು. ಅದಕ್ಕೂ ಒಪ್ಪಲಿಲ್ಲ. "ನಂದು ಕಳದಿಲ್ಲ, ಒಡದಿಲ್ಲ. ಅಲ್ಲೇ ಬೀರುದಾಗ ಐತಿ. ಅದನ್ನ ಬಿಟ್ಟು ಹೆಂಗ ಇನ್ನೊಂದು ಕಟ್ಟಿಸ್ಕೊಳ್ಳಿ?" ಸಿಟ್ಟು ತಡೆಯಲಾರದೆ ಅವನನ್ನು ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಅತ್ತಳು. ಅವನು ತಡವರಿಸುತ್ತ, "ಬಿಸಿಲಾಗ ತಿರುಗಬ್ಯಾಡ, ಮನಿಗೆ ಹೋಗು" ಅಂದ.

ಅವಳು ಹೋದದ್ದು ಬಳ್ಳಾರಿಗೆ. ಕೋರ್ಟಿನ ಬೇವಿನಮರದ ಕೆಳಗೆ ರೈಟರು ಚಹಾ ಕುಡಿಯುತ್ತಿದ್ದ. ಅವಳು ಸೆರಗೊಡ್ಡಿದಳು. ಜೀವಮಾನದಲ್ಲಿ ಯಾರ ಮುಂದೆಯೂ ಸೆರಗೊಡ್ಡಿದವಳಲ್ಲ. ಅವನು ಜೇಬು ತಟ್ಟಿ, "ಸರಕಾರಿ ಕೀಲಿ ಕಂಡಕಂಡವರ ಕೈಯಾಗ ಕೊಡಾಕ ಬರಂಗಿಲ್ಲಮ್ಮ. ನಾಳಿ ನಾನ ಬರ್ತೀನಿ" ಅಂದ. ನಾಳೆಯ ತನಕ ತಮ್ಮ ಇರಲಿಕ್ಕಿಲ್ಲ ಅಂತ ಬಾಯಿಬಿಟ್ಟು ಹೇಳಿದಳು. ಅವನು ಲೋಟ ಕೆಳಗಿಟ್ಟು ಒಳಗೆ ನಡೆದ.

ಹೊತ್ತು ಮುಳುಗುವಾಗ ಠಾಣೆಗೆ ಮರಳಿದಳು. ಚಿದಾನಂದಪ್ಪ ಬಾಗಿಲಲ್ಲೇ ತಡೆದ. "ಮಲಗ್ಯಾನ, ಎಬ್ಬಿಸಬ್ಯಾಡ. ಗೊರಕಿ ಹೊಡ್ಯಾಕ ಹತ್ಯಾನ." ನಿದ್ದೆ ಬಂದಿದ್ದರೆ ಒಳ್ಳೆಯದೇ ಅಂದುಕೊಂಡು ಅವಳು ಹೊರಗಿನ ಕಟ್ಟೆಯ ಮೇಲೆ ಕೂತಳು. ಅದು ಗೊರಕೆಯಾಗಿರಲಿಲ್ಲ. ಬೆಳಗಾಗುವ ಮುಂಚೆ ಸದ್ದು ನಿಂತಿತು, ಒಳಗೆ ಹೋಗಿ ನೋಡಿದವರು ಯಾರೂ ಇಲ್ಲ.

ತಹಸೀಲ್ದಾರರು ಬಂದು ಹೆಣದ ಪಂಚನಾಮೆ ಮಾಡಿದರು. ಊಟ, ನೀರು ಕೊಟ್ಟರೂ ತಾನೇ ಒಲ್ಲೆ ಅಂದ, ಠಾಣೆಯವರ ತಪ್ಪೇನಿಲ್ಲ ಅಂತ ಬರೆಸಿಕೊಂಡರು. ಡಾಕ್ಟರು ನೋಡಿದ್ದೂ ಆಯಿತು. ಅಷ್ಟರಲ್ಲಿ ಸಿರಿಗೇರಿಯ ಜನ ಗಾಡಿ ಕಟ್ಟಿಕೊಂಡು ಬಂದು ಅಂಗಳ ತುಂಬಿತ್ತು. "ಕೈಯಾಗ ಲಿಂಗ ಇಡದ ಮಣ್ಣು ಮಾಡಾಕ ಬರಂಗಿಲ್ಲ" ಅಂದರು ಅಯ್ಯನವರು. ರೈಟರ ಬಸ್ಸು ಇನ್ನೂ ಬಂದಿರಲಿಲ್ಲ. ಜನ ಗುಜುಗುಜು ಅನ್ನುತ್ತ ಮೆಟ್ಟಿಲೇರತೊಡಗಿದರು.

ಚಿದಾನಂದಪ್ಪ ಜನರ ಮುಖ ನೋಡಿದ. ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ತಂದು ಬೀಗಕ್ಕೆ ಹೊಡೆದ. ಒಂದೇ ಏಟಿಗೆ ಬೀಗ ಕಳಚಿ ನೆಲಕ್ಕೆ ಬಿತ್ತು.

ಅಲ್ಲಿಯ ತನಕ ಅವನಿಗೆ ರೀ ಹಚ್ಚಿ ಮಾತಾಡಿದ ಅಕ್ಕನಾಗಮ್ಮ ಎದ್ದು ಬಂದು ಅವನ ಎದೆಯಂಗಿ ಹಿಡಿದಳು.

"ಇಷ್ಟ ಏನಲೇ? ನಿನ್ನೆ ಹೊಡಿಬೇಕಿದ್ದು ಇದೊಂದ ಏಟ ಏನಲೇ?"