ಮೂಳೆ ಕೂಡಿತು, ನರ ಕೂಡಲಿಲ್ಲ

ನನ್ನ ತಮ್ಮ ಸಿಲ್ವರ್ ಓಕ್ ಮರದಿಂದ ಬಿದ್ದದ್ದು ಮೆಣಸಿನ ಕುಯ್ಲು ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ. ಹೆತ್ತೂರಿನ ಕಡೆ ಅವನದೊಂದು ಸಣ್ಣ ಕಾಫಿ ತೋಟವಿದೆ. ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾನೆ. ಮರ ಹತ್ತುವ ಆಳುಗಳು ಆ ವಾರ ದೊಡ್ಡ ಎಸ್ಟೇಟೊಂದಕ್ಕೆ ಹೋಗಿಬಿಟ್ಟಿದ್ದರು. ಹಣ್ಣಾದ ಮೆಣಸು ಉದುರಿಹೋಗುತ್ತದೆಂದು ಅವನೇ ಏಣಿ ಹಾಕಿದ. ಬುಡದಲ್ಲಿ ಅವನ ಹೆಂಡತಿ ಟಾರ್ಪಾಲು ಹಾಸಿಕೊಂಡು ಕಿತ್ತು ಹಾಕಿದ ಗೊನೆಗಳನ್ನು ಆರಿಸುತ್ತಿದ್ದಳು. ತರಗೆಲೆಯ ಮೇಲೆ ಏಣಿಯ ಕಾಲು ಜಾರಿತು. ಅವನು ಬೆನ್ನಡಿಯಾಗಿ ಬಿದ್ದ. ಬಿದ್ದ ಜಾಗದಲ್ಲಿ, ಹಿಂದಿನ ವರ್ಷ ಅವನೇ ಕಡಿಸಿದ್ದ ಹಳೇ ಕಾಫಿ ಗಿಡದ ಬೊಡ್ಡೆಯಿತ್ತು.

ತೋಟದಲ್ಲಿದ್ದವರೆಲ್ಲ ಓಡಿಬಂದರು. ಇಬ್ಬರು ಅವನ ಕಂಕುಳಿಗೆ ಕೈ ಕೊಟ್ಟರು. ಅವನ ಹೆಂಡತಿ, ಕೆಲಸಕ್ಕೆ ಬಂದಿದ್ದ ಇನ್ನೊಬ್ಬಾಕೆ ಸೇರಿ ಕಾಲು ಹಿಡಿದರು. ನಡು ಜೋತುಬಿದ್ದ ದೇಹವನ್ನು ದಿಬ್ಬದ ಮೇಲಿನ ರಸ್ತೆಯವರೆಗೆ ಹೊತ್ತು, ಜೀಪಿನ ಹಿಂದಿನ ಸೀಟಿನಲ್ಲಿ ಹಿಡಿಸುವಷ್ಟು ಮಡಚಿ ಕೂರಿಸಿದರು. ಅಲ್ಲಿಂದ ಸಕಲೇಶಪುರ, ಸಕಲೇಶಪುರದಿಂದ ಹಾಸನ. ಆ ದಾರಿ ಹೇಗಿದೆಯೆಂದು ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಫೋನು ಬಂದಾಗ ಶಾಲೆಯಲ್ಲೇ ಇದ್ದೆ. ಸಿಕ್ಕಿದ ಬಸ್ಸು ಹತ್ತಿ ಹಾಸನಕ್ಕೆ ಹೋದೆ. ಸ್ಟ್ರೆಚರಿನ ಮೇಲೆ ಮಲಗಿದ್ದ ತಮ್ಮ ನನ್ನ ಮುಖ ಕಂಡದ್ದೇ ಕೇಳಿದ:

"ಅಕ್ಕ, ನನ್ ಕಾಲು ಅವಾ ನೋಡು. ನಂಗೆ ಗೊತ್ತಾಗ್ತಿಲ್ಲ."

ನೋಡಿದೆ. ಕಾಲು ಇದ್ದವು. ಹೆಬ್ಬೆರಳಿನ ಉಗುರಿನಲ್ಲಿ ತೋಟದ ಮಣ್ಣು ಕೂತಿತ್ತು. ಬೆರಳನ್ನು ಚಿವುಟಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಚಿವುಟಿದ್ದು ಅವನಿಗೆ ತಿಳಿದೇ ಇರಲಿಲ್ಲ.

ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ನನ್ನನ್ನು ಒಳಗೆ ಕರೆದು ಸ್ಕ್ಯಾನಿನ ಚಿತ್ರ ತೋರಿಸಿದರು. ಸೊಂಟದ ಮೇಲಿನ ಒಂದು ಮೂಳೆ ನುಚ್ಚಾಗಿ ಒಳಗಿನ ಬೆನ್ನುಹುರಿಯನ್ನು ಒತ್ತಿತ್ತು. ಮೂಳೆಗೆ ಸ್ಕ್ರೂ ಹಾಕಿ ನಿಲ್ಲಿಸಿದ್ದೇವೆ, ಅದು ಕೂಡಿಕೊಳ್ಳುತ್ತದೆ, ಹುರಿಯ ಮಾತು ಬೇರೆ ಎಂದರು. "ನೀವು ಸೈನ್ಸ್ ಟೀಚರು, ನಿಮಗೆ ಬಿಡಿಸಿ ಹೇಳಬೇಕಿಲ್ಲ" ಎಂದೂ ಸೇರಿಸಿದರು. ಅವತ್ತು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು. ತಿಳಿದವಳೆಂಬ ಕಾರಣಕ್ಕೆ ನನಗೆ ಯಾವ ಸಮಾಧಾನದ ಮಾತೂ ಸಿಗಲಿಲ್ಲ.

ಮೂಳೆ ಕೂಡಿಕೊಂಡಿತು. ಮುಂದಿನ ಎಕ್ಸ್‌ರೇಯಲ್ಲಿ ಅದು ಕಂಡಾಗ ನೆಂಟರೆಲ್ಲ ಸಂತೋಷಪಟ್ಟರು. "ಮೂಳೆ ಕೂಡ್ತಲ್ಲ ಮಾರಾಯ, ಇನ್ನೇನು, ಎದ್ದು ಓಡಾಡ್ತೀಯ" ಎಂದು ಬಂದವರೆಲ್ಲ ಅವನ ತೋಳು ತಟ್ಟಿ ಹೋಗುತ್ತಿದ್ದರು. ಮೂಳೆಯೂ ಜೀವವಿರುವ ಅಂಗಾಂಶವೇ, ಮುರಿದರೆ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಬೆನ್ನುಹುರಿಯ ನರಕ್ಕೆ ಆ ಶಕ್ತಿಯಿಲ್ಲ ಎಂದು ಅವರಿಗೆ ಹೇಳುವುದು ನನ್ನ ಪಾಲಿಗೆ ಬಂತು. ಒಬ್ಬೊಬ್ಬರಿಗೂ ಹೇಳಿ ಹೇಳಿ, ಕೊನೆಗೆ ಹೇಳುವುದನ್ನೇ ಬಿಟ್ಟೆ.

ಶಾಲೆ ಶುರುವಾಗಿ ಒಂಬತ್ತನೇ ತರಗತಿಗೆ ಅಂಗಾಂಶಗಳ ಪಾಠ ಬಂತು. ವರ್ಷ ವರ್ಷವೂ ಮಾಡುವ ಪಾಠ. ಮೊದಲು ಸಸ್ಯಗಳದ್ದು: ಬೇರಿನ ತುದಿಯಲ್ಲಿ, ಕುಡಿಯಲ್ಲಿ, ತೊಗಟೆಯ ಒಳಗೆ ಸದಾ ಒಡೆದು ಒಡೆದು ಹೊಸ ಜೀವಕೋಶ ಹುಟ್ಟಿಸುವ ವರ್ಧನ ಅಂಗಾಂಶ. ನೀರು ಮೇಲೇರಿಸುವ ಕ್ಸೈಲಮ್, ಎಲೆಯ ಆಹಾರ ಹಂಚುವ ಫ್ಲೋಯಮ್. ಆಮೇಲೆ ಪ್ರಾಣಿಗಳದ್ದು: ಹೊದಿಕೆಯಾಗಿ ಕಾಯುವ ಅನುಲೇಪಕ, ಹಿಡಿದು ಜೋಡಿಸುವ ಸಂಯೋಜಕ, ಎಳೆದು ಬಿಡುವ ಸ್ನಾಯು, ಸುದ್ದಿ ಒಯ್ಯುವ ನರ. ನರದ ಹತ್ತಿರ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮನೆಯಲ್ಲಿ ಕಾಫಿ ಬೆಳೆಯುವವರ ಮಗಳು.

"ಮಿಸ್, ಕಾಫಿ ಗಿಡ ಬುಡಕ್ಕೆ ಕಡುದ್ರೂ ಚಿಗುರ್ತೈತೆ. ಮನುಷ್ಯನ್ ನರ ಯಾಕೆ ಚಿಗುರಲ್ಲ?"

ಒಳ್ಳೆಯ ಪ್ರಶ್ನೆ. ಗಿಡ ತನ್ನ ಆಯುಷ್ಯವಿಡೀ ಒಂದಿಷ್ಟು ಕೋಶಗಳನ್ನು ಯಾವ ಕೆಲಸಕ್ಕೂ ಹಚ್ಚದೆ ಎಳೆಯದಾಗಿಯೇ ಉಳಿಸಿಕೊಂಡಿರುತ್ತದೆ, ನಮ್ಮ ನರಕೋಶ ನಾವು ಹುಟ್ಟುವ ಮೊದಲೇ ತನ್ನ ಕೆಲಸ ಒಪ್ಪಿಕೊಂಡು ಮತ್ತೆ ಒಡೆಯುವುದನ್ನು ನಿಲ್ಲಿಸಿಬಿಡುತ್ತದೆ ಎಂದೆ. ಕೈಕಾಲಿನ ನರ ಕೆಲವೊಮ್ಮೆ ನಿಧಾನವಾಗಿ ಬೆಳೆದು ಸೇರಬಹುದು. ಮಿದುಳಿನಿಂದ ಇಳಿಯುವ ಹುರಿಯಲ್ಲಿ ಹಾಗಾಗುವುದಿಲ್ಲ.

"ಹಂಗಾರೆ ಒಂದ್ಸಲ ಹೋದ್ರೆ ಹೋದಂಗೇನಾ ಮಿಸ್?"

"ಸದ್ಯಕ್ಕೆ ಯಾರಿಗೂ ಅದನ್ನು ಸೇರಿಸಲು ಬರುವುದಿಲ್ಲ" ಎಂದು ಹೇಳಿ ನಾನು ಬೋರ್ಡಿನ ಕಡೆ ತಿರುಗಿ ನರಕೋಶದ ಚಿತ್ರ ಬರೆಯತೊಡಗಿದೆ. ಉದ್ದ ಬಾಲ ಎಳೆಯುವಾಗ ಸೀಮೆಸುಣ್ಣ ಮುರಿಯಿತು. ಮಕ್ಕಳಿಗೆ ನನ್ನ ಮನೆಯ ವಿಷಯ ಗೊತ್ತಿರಲಿಲ್ಲ. ಗೊತ್ತಿರದೇ ಇದ್ದದ್ದು ಒಳ್ಳೆಯದೇ ಆಯಿತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ನಾನು ನೇರ ತಮ್ಮನ ಮನೆಗೆ. ಒಂದು ಶನಿವಾರ ಹೋದಾಗ ಅವನ ಹೆಂಡತಿ ನನ್ನನ್ನು ಹಿತ್ತಿಲ ನಲ್ಲಿಯ ಹತ್ತಿರ ಕರೆದಳು. ಮದುವೆಯಾಗಿ ಬಂದಾಗ ನಗುನಗುತ್ತ ಮಾತಾಡುತ್ತಿದ್ದ ಹುಡುಗಿ. ಈಗ ಬಕೆಟ್ಟಿನಲ್ಲಿ ಅವನ ಬಟ್ಟೆ ಜಾಲಿಸುತ್ತ, ತಲೆ ಎತ್ತದೆ ಕೇಳಿದಳು:

"ಅತ್ತಿಗೆ, ನೀವು ಮಕ್ಳಿಗೆ ಇದ್ನೇ ಅಲ್ವಾ ಹೇಳ್ಕೊಡಾದು. ಒಂದ್ ಮಾತು ಹೇಳಿ. ನಾವು ಎತ್ತಿದ್ದಕ್ಕೆ ಹಿಂಗಾಯ್ತಾ? ಇಲ್ಲ ಬಿದ್ದಾಗ್ಲೇ ಆಗ್ಬುಟ್ಟಿತ್ತಾ?"

ಈ ಪ್ರಶ್ನೆ ಅವಳ ಮನಸ್ಸಿನಲ್ಲಿರಬಹುದೆಂದು ನನಗೆ ಅನುಮಾನವಿತ್ತು. ನಾನೇ ಮಂಗಳೂರಿನಲ್ಲಿ ಡಾಕ್ಟರನ್ನು ಇದನ್ನು ಕೇಳಿದ್ದೆ. ಬೆನ್ನು ಮುರಿದವನನ್ನು ಮಡಚಿ ಎತ್ತಬಾರದು ನಿಜ, ಆದರೆ ಎತ್ತದಿದ್ದರೂ ಒಳಗೆ ಬಾವು ಬಂದು ಹುರಿ ಸಾಯುವುದುಂಟು, ಇವರದ್ದು ಹೇಗಾಯಿತೆಂದು ಯಾರೂ ಹೇಳಲಾರರು ಎಂದಿದ್ದರು. ಅದನ್ನೇ ಅವಳಿಗೆ ಹೇಳಿದೆ.

"ಅಂದ್ರೆ ನಮ್ಮಿಂದ ಆಗಿರ್ಬೋದು" ಎಂದಳು. ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿ ಒಳಗೆ ಹೋದಳು.

ಅಷ್ಟು ಹೊತ್ತಿಗೆ ತಮ್ಮನಿಗೆ ಬೆನ್ನುಹುಣ್ಣು ಶುರುವಾಗಿತ್ತು. ಮಗ್ಗುಲು ಬದಲಾಯಿಸದೆ ಒಂದೇ ಕಡೆ ಮಲಗಿದರೆ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಆರೋಗ್ಯವಾಗಿರುವ ನಾವು ನೋವಾಗಿ ನಿದ್ದೆಯಲ್ಲೇ ಹೊರಳುತ್ತೇವೆ. ಅವನಿಗೆ ನೋವೇ ಇಲ್ಲ. ಬಾಲಮೂಳೆಯ ಮೇಲೆ ಮೊದಲು ಒಂದು ಕೆಂಪು ಮಚ್ಚೆ. ಆಮೇಲೆ ಚರ್ಮ ಕಿತ್ತು, ಅದರಡಿಯ ಹಳದಿ ಕೊಬ್ಬು ಕಂಡಿತು. ಅದೂ ಹೋಗಿ ಮಾಂಸ ಕಂಡಿತು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಾನು ಪದರ ಪದರವಾಗಿ ಬರೆದು ತೋರಿಸುವುದೆಲ್ಲ ನನ್ನ ತಮ್ಮನ ಬೆನ್ನಿನಲ್ಲಿ ತೆರೆದುಕೊಂಡಿತ್ತು. ವಾಸನೆಯೊಂದು ಮಾತ್ರ ಪುಸ್ತಕದಲ್ಲಿರಲಿಲ್ಲ.

ಶನಿವಾರ ಭಾನುವಾರ ಡ್ರೆಸ್ಸಿಂಗ್ ನನ್ನದು. ಒಂದು ದಿನ ಅವನ ಹೆಂಡತಿ ಆಳುಗಳಿಗೆ ಕೆಲಸ ತೋರಿಸಲು ತೋಟಕ್ಕೆ ಇಳಿದಿದ್ದಳು. ಅವನು ಬೋರಲು ಮಲಗಿ ದಿಂಬಿಗೆ ಕೆನ್ನೆ ಒತ್ತಿಕೊಂಡಿದ್ದ. ತೊಡೆಯ ಸ್ನಾಯುಗಳು ಕೆಲಸವಿಲ್ಲದೆ ಕರಗಿ ಚರ್ಮ ಸಡಿಲವಾಗಿ ತೂಗುತ್ತಿತ್ತು. ಮನೆಯವರೆಗಿನ ದಿಬ್ಬಕ್ಕೆ ಗೊಬ್ಬರದ ಮೂಟೆ ಹೊತ್ತು ಏರುತ್ತಿದ್ದ ಕಾಲುಗಳು. ಏನಾದರೂ ಮಾತಾಡಬೇಕೆಂದು, ಕಡಿಸಿದ್ದ ಹಳೇ ಕಾಫಿಯೆಲ್ಲ ಚೆನ್ನಾಗಿ ಚಿಗುರಿದೆ ಎಂದೆ.

"ಗಿಡದ್ ಸುದ್ದಿ ನಂಗ್ ಹೇಳ್ಬ್ಯಾಡಕ್ಕ" ಎಂದ. ಮುಖ ನನ್ನ ಕಡೆ ಹೊರಳಿಸಿ, "ನಿಂಗೊಂದ್ ಮಾತು ಹೇಳ್ತೀನಿ. ಅವ್ಳಿಗೆ ಹೇಳ್ಬಾರ್ದು."

"ಏನೋ?"

"ಬಿದ್ ಮೇಲೂ ನನ್ ಕಾಲು ಆಡ್ತಿತ್ತು. ಬೆಳ್ಳು ಆಡ್ಸಿದ್ದು ಗ್ಯಾಪ್ಕ ಐತೆ. ಜೀಪ್ನಾಗ್ ಕೂರ್ಸಿದ್ರಲ್ಲ, ಆಗ ಬೆನ್ನಾಗೆ ಏನೋ ಕಟಕ್ ಅಂತು. ಆಮ್ಯಾಕೆ ಕಾಲು ಇಲ್ಲ."

ಹುಣ್ಣಿನ ಮೇಲೆ ಗಾಜ್ ಬಟ್ಟೆ ಇಟ್ಟು ಪಟ್ಟಿ ಅಂಟಿಸಿದೆ. ನಿನ್ನ ನೆನಪು ತಪ್ಪಿರಬಹುದು ಎನ್ನಬಹುದಿತ್ತು. ಆದರೆ ಅವನು ಸುಮ್ಮಸುಮ್ಮನೆ ಹೇಳುವವನಲ್ಲ.

"ಅವಳು ನನ್ನ ಕೇಳಿದಾಳೆ ಕಣೋ, ನಾವು ಎತ್ತಿದ್ದಕ್ಕೆ ಹೀಗಾಯ್ತಾ ಅಂತ."

"ಗೊತ್ತಾದ್ರೆ ಸತ್ತೋಗ್ತಾಳೆ ಅಕ್ಕ. ಸುಮ್ಕಿದ್ಬುಡು."

ಸುಮ್ಮನಿದ್ದೆ. ಆ ಮಳೆಗಾಲವೆಲ್ಲ ಸುಮ್ಮನಿದ್ದೆ. ಹುಣ್ಣಿನ ತಳದಲ್ಲಿ ಕೆಂಪನೆ ಹೊಸ ಮಾಂಸ ತುಂಬುತ್ತ ಬಂತು, ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಒಳಕ್ಕೆ ಹರಿಯತೊಡಗಿತು. ಆದರೆ ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತು ಕಡಿಮೆಯಾಗುತ್ತ ಹೋಯಿತು. ಅವಳು ಅವನ ಕೆಲಸವನ್ನೆಲ್ಲ ಒಂದೂ ಬಿಡದೆ ಮಾಡುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಅವನು ಪ್ರತಿಯೊಂದಕ್ಕೂ "ಇರ್ಲಿ ಬುಡು" ಎನ್ನುತ್ತಿದ್ದ. ಅನ್ನ ಸೀದರೂ ಇರಲಿ, ನೀರು ಚೆಲ್ಲಿದರೂ ಇರಲಿ. ಮೊದಲು ಹಾಗಿದ್ದವನಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸುವ ಪೈಕಿ.

ಕೊನೆಗೆ ನಾನೇ ಅವನಿಗೆ ಹೇಳಿದೆ. "ಅವಳು ನಿನ್ನ ಹತ್ತಿರ ಕೇಳಕ್ಕಾಗದೆ ನನ್ನ ಕೇಳ್ತಾಳೆ. ನನ್ನಿಂದ ಸುಳ್ಳು ಹೇಳಕ್ಕಾಗಲ್ಲ, ನಿಜ ಹೇಳಕ್ಕೆ ಅದು ನನ್ನದಲ್ಲ. ನೀನೇ ಏನಾದ್ರೂ ಮಾಡು."

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ಜಗಲಿಯಲ್ಲಿದ್ದೆವು. ಅವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದ್ದೆವು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಅಂಗಳದ ಕಡೆ ನೋಡುತ್ತಲೇ ಹೇಳಿಬಿಟ್ಟ: ಬಿದ್ದ ಮೇಲೆ ಕಾಲಾಡುತ್ತಿತ್ತು, ಜೀಪಿನಲ್ಲಿ ಹೋಯಿತು ಎಂದು.

ಅವಳ ಕೈ ನಿಲ್ಲಲಿಲ್ಲ. ಇನ್ನೆರಡು ಕಲ್ಲು ಆರಿಸಿ ಆಚೆ ಎಸೆದಳು.

"ನಂಗೊತ್ತು" ಎಂದಳು. "ನೀವು ಮಲ್ಗಿದ್ದಲ್ಲೇ ಒಂದ್ ಕಾಲ್ನಾಗೆ ಇನ್ನೊಂದ್ ಕಾಲಿನ್ ಚಪ್ಲಿ ತಳ್ಳಿ ಕಳಚ್ಕಂಡ್ರಿ. ನಾ ನೋಡ್ದೆ. ನೋಡ್ಬುಟ್ಟೇ ಕಾಲ್ ಹಿಡ್ದೆ."

ತಮ್ಮ ಅವಳ ಕಡೆ ತಿರುಗಿದ.

"ಬೈತೀರಿ ಅಂತ ಕಾಯ್ತಿದ್ದೆ" ಎಂದಳು. "ಆಸ್ಪತ್ರೆನಾಗೂ ಬೈಲಿಲ್ಲ, ಮನ್ಗೆ ಬಂದ್ ಮೇಲೂ ಬೈಲಿಲ್ಲ. ಇರ್ಲಿ ಬುಡು, ಇರ್ಲಿ ಬುಡು ಅಂತೀರಿ. ಒಂದೊಂದ್ಸಲ ಅಂದಾಗ್ಲೂ ಎದೆ ಹೊಡ್ಕಳಾದು ನಂಗೆ."

"ನಿಂಗ್ಯಾಕ್ ಬೈಲೇ? ಎತ್ರೋ, ಬೇಗ ಎತ್ರೋ ಅಂತ ಬಡ್ಕಂಡಿದ್ದು ನಾನೇ ಅಲ್ವಾ."

ಆಗ ಅವಳು ಅತ್ತಳು. ಮೊರ ತೊಡೆಯ ಮೇಲಿಟ್ಟುಕೊಂಡೇ, ಸೆರಗು ಕೂಡ ಎತ್ತಿಕೊಳ್ಳದೆ ಅತ್ತಳು. ಬಾವಿನ ವಿಷಯ, ಡಾಕ್ಟರು ಅಂದದ್ದು, ಏನೇನೋ ನಾನು ಹೇಳಹೋದೆ. ಇಬ್ಬರಿಗೂ ನನ್ನ ಮಾತು ಕೇಳಿಸಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಅದಾದ ಮೇಲೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಅವಳು ಕುಂದೂರಿನ ಕಡೆಯ ತವರಿಗೆ ಹೋದಳು. ತಿರುಗಿ ಬರುತ್ತಾಳೋ ಇಲ್ಲವೋ ಎಂದು ರಜೆ ಹಾಕಿ ತಮ್ಮನ ಮನೆಯಲ್ಲಿದ್ದ ನನಗೆ ಖಾತ್ರಿಯಿರಲಿಲ್ಲ. ಅವನೂ ಫೋನು ಮಾಡಲಿಲ್ಲ, ನನ್ನನ್ನೂ ಮಾಡಲು ಬಿಡಲಿಲ್ಲ. ಒಂದು ಸಂಜೆ ಬಸ್ಸಿಳಿದು ಬಂದಳು. ಕೈಕಾಲು ತೊಳೆದು ನೇರ ಅವನ ಬೆನ್ನು ನೋಡಿ, "ಇದೇನು ಅತ್ತಿಗೆ, ಈ ಮಗ್ಲು ಕೆಂಪಾಗೈತೆ, ಹೊರಳಿಸ್ಲಿಲ್ವಾ?" ಎಂದು ನನ್ನನ್ನೇ ಗದರಿಕೊಂಡಳು. ಅವತ್ತಿನಿಂದ ಅವನು ಸಾರಿಗೆ ಉಪ್ಪು ಹೆಚ್ಚಾದರೆ ಹೇಳತೊಡಗಿದ. ಅವಳೂ ತಿರುಗಿ ಉತ್ತರ ಕೊಡುತ್ತಾಳೆ. ಜಗಳ ದಿಬ್ಬದ ಮೇಲಿನ ರಸ್ತೆಗೂ ಕೇಳಿಸುತ್ತದೆ.

ಕಾಲು ಬರಲಿಲ್ಲ. ಬರುವುದಿಲ್ಲವೆಂದು ಈಗ ಮೂವರೂ ಬಾಯಿಬಿಟ್ಟು ಹೇಳುತ್ತೇವೆ.

ಈ ಸಲ ಮೆಣಸಿನ ಕುಯ್ಲಿಗೆ ಆಳುಗಳು ಬಂದ ಮೊದಲ ಬೆಳಿಗ್ಗೆ ನಾನು ಅಲ್ಲಿದ್ದೆ. ಏಣಿ ಎತ್ತುವ ಮೊದಲು ಅವಳು ಸ್ಟೋರಿನಿಂದ ಒಂದು ಉದ್ದನೆಯ ಹಲಗೆ ಹೊರಿಸಿ ತಂದಳು. ತವರಿನಲ್ಲಿ ಮರಗೆಲಸದವನ ಕೈಲಿ ನುಣುಪು ಮಾಡಿಸಿ, ಬದಿಗೆ ಹಗ್ಗದ ಹಿಡಿಕೆ ಹಾಕಿಸಿ, ಆಮೇಲೆ ಜೀಪಿನಲ್ಲಿ ತರಿಸಿಕೊಂಡಿದ್ದಳಂತೆ. ಆಳುಗಳಲ್ಲಿ ಒಬ್ಬನನ್ನು ತರಗೆಲೆಯ ಮೇಲೆ ಮಲಗಿಸಿದಳು.

"ಯಾರಾರ ಬಿದ್ರೆ ಕಂಕ್ಳಿಗೆ ಕೈ ಹಾಕ್ಬ್ಯಾಡಿ. ಕಾಲ್ ಹಿಡೀಬ್ಯಾಡಿ. ಅವ್ರೇ ಎತ್ರಿ ಅಂದ್ರೂ ಎತ್ಬ್ಯಾಡಿ. ತಲೆ, ಬೆನ್ನು, ಕಾಲು ಎಲ್ಲ ಒಟ್ಗೇ ಹೊರಳ್ಬೇಕು, ದಿಮ್ಮಿ ಹೊರಳ್ದಂಗೆ. ಹಲ್ಗೆ ತಳ್ಳಿ, ಕಟ್ಟಿ, ಆಮೇಲೆ ಎತ್ತಿ."

ಮಲಗಿದವನಿಗೆ ನಗು ತಡೆಯಲಾಗಲಿಲ್ಲ. ಉಳಿದವರೂ ನಕ್ಕರು. ಅವಳು ನಗಲಿಲ್ಲ. ಜಗಲಿಯ ಕುರ್ಚಿಯಿಂದ ತಮ್ಮ ಕೂಗಿದ: "ತಲೆ ಹಿಡ್ಕಳ್ರೋ ಮೊದ್ಲು, ತಲೆ!" ಅವರು ಹಿಡಿದರು. ಸರಿಯಾಗಲಿಲ್ಲವೆಂದು ಅವಳು ಮತ್ತೊಮ್ಮೆ ಮಾಡಿಸಿದಳು.