ಗೆರೆಯ ಹತ್ತಿರ ನಿಲ್ಲುವವನು

1998ರ ಬೇಸಿಗೆಯಲ್ಲಿ ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ತಂಡಕ್ಕೆ ಆಡಲು ಹೋದೆ. ನಾನು ಕುಷ್ಟಗಿಯವನು, ಬಟ್ಟೆ ಅಂಗಡಿಯಲ್ಲಿ ಕೆಲಸ. ನಮ್ಮೂರ ತಂಡದವರು ಹಿಂದಿನ ವರ್ಷವೇ ನನ್ನನ್ನು ಕೈಬಿಟ್ಟಿದ್ದರು. ಬೌಂಡರಿ ಗೆರೆಯ ಹತ್ತಿರ ನಿಂತು ಸುಲಭದ ಕ್ಯಾಚುಗಳನ್ನೇ ಬಿಡುತ್ತಿದ್ದೆ. ಅಭ್ಯಾಸದಲ್ಲಿ ಒಂದೂ ಬಿಟ್ಟವನಲ್ಲ. ಪಂದ್ಯದಲ್ಲಿ ಚೆಂಡು ಮೇಲೆದ್ದು, ನಮ್ಮ ಹುಡುಗರು ನನ್ನ ಹೆಸರು ಹಿಡಿದು ಕೂಗಿದರೆ ಸಾಕು, ಅಂಗೈ ಬೆವರುತ್ತಿತ್ತು.

ಮತ್ತೆ ಕರೆಯುತ್ತಾರೆ ಎಂದು ಒಂದು ವರ್ಷ ಕಾದೆ. ಸಂಜೆ ಚಹಾದಂಗಡಿಯಲ್ಲಿ ಅವರ ಪಕ್ಕದ ಬೆಂಚಿನಲ್ಲೇ ಕೂಡುತ್ತಿದ್ದೆ. ಎಲ್ಲ ಮಾತಾಡುತ್ತಿದ್ದರು, ಅದೊಂದನ್ನು ಬಿಟ್ಟು.

ನಮ್ಮ ಕಡೆಯ ಟೆನಿಸ್ ಬಾಲ್ ಪಂದ್ಯಗಳಲ್ಲಿ ಹೊರಗಿನ ಒಬ್ಬಿಬ್ಬರನ್ನು ಕರೆಸಿ ಆಡಿಸುವ ರೂಢಿಯಿತ್ತು. ಬಸ್ಸಿನ ಖರ್ಚು ಕೊಟ್ಟು, ಮಧ್ಯಾಹ್ನ ಊರಿನ ಯಾವುದಾದರೊಂದು ಮನೆಯಲ್ಲಿ ಊಟಕ್ಕೆ ಕೂಡಿಸುತ್ತಿದ್ದರು. ನನ್ನ ಪಾಲಿಗೆ ಬಂದ ಮನೆಯ ಅಕ್ಕ ಅನ್ನದ ಮೇಲೆ ಅನ್ನ ಬಡಿಸಿದಳು.

"ಸಾಕ್ರಿ ಅಕ್ಕಾ, ರೊಟ್ಟಿ ತಿಂದು ಬೆಳದ ಹೊಟ್ಟಿ. ಇಷ್ಟು ಅನ್ನ ಉಂಡ್ರ ಓಡಾಕ ಆಗಂಗಿಲ್ಲ."

"ಹಂಗಾದ್ರ ನಿಂತಲ್ಲೇ ಹಿಡೀರಿ. ಚೆಂಡು ಸೀದಾ ನಿಮ್ಮ ಕಡಿಗೇ ಬರ್ಲಿ ಅಂತ ದೇವರಿಗೆ ಹೇಳ್ತೀನಿ."

ಊಟದ ನಂತರ ಫೈನಲ್. ಎದುರಾಳಿ ನಮ್ಮೂರೇ, ಕುಷ್ಟಗಿ.

ಕಾಲುವೆ ನೀರು ನಿಂತ ದಿನಗಳು. ಭತ್ತ ಕೊಯ್ದ ಗದ್ದೆಯನ್ನೇ ಸಮ ಮಾಡಿ, ಸುಣ್ಣದಿಂದ ಗೆರೆ ಎಳೆದಿದ್ದರು. ಕುಷ್ಟಗಿಯಿಂದ ಟೆಂಪೊದಲ್ಲಿ ಬಂದ ಜನ ನನ್ನ ಬೆನ್ನ ಹಿಂದಿನ ಬದುವಿನ ಮೇಲೇ ಸಾಲಾಗಿ ಕುಳಿತರು.

"ಏ ಮರಳಿ ಅಳಿಯಾ, ಮಾವನ ಮನಿ ಊಟ ಛಲೋ ಇತ್ತೇನೋ?"

"ಅವನ ಕಡಿಗೇ ಹೊಡೀರಲೇ! ಕೈಗೆ ಎಣ್ಣಿ ಹಚ್ಕೊಂಡ ಬಂದಾನ!"

ತಿರುಗಿ ನೋಡಲಿಲ್ಲ. ಗೆರೆಯ ಹತ್ತಿರ ನಿಂತವನಿಗೆ ಆಟದುದ್ದಕ್ಕೂ ಮಾತಾಡಲು ಯಾರೂ ಸಿಗುವುದಿಲ್ಲ. ಕ್ಯಾಪ್ಟನ್ ದೂರದಿಂದ ಕೈ ಬೀಸಿದರೆ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ. ಸಿಟ್ಟು ಬಂದಾಗ ನಾನು ಮನಸ್ಸಿನಲ್ಲೇ ಅಂಗಡಿಯ ಕೆಲಸ ಶುರು ಮಾಡುತ್ತಿದ್ದೆ. ಗಿರಾಕಿ ಹರವಿ ಹೋದ ಸೀರೆಗಳನ್ನು ಒಂದೊಂದಾಗಿ ಮಡಚುವುದು. ಅಂಚಿಗೆ ಅಂಚು ಕೂಡಿಸುವಷ್ಟರಲ್ಲಿ ಹಿಂದಿನ ಬೈಗುಳ ಮಂದವಾಗುತ್ತಿತ್ತು.

ಕೊನೆಯ ಓವರಿನ ಕೊನೆಯ ಚೆಂಡು. ಬ್ಯಾಟು ಹಿಡಿದವನು ಕುಷ್ಟಗಿಯ ಕ್ಯಾಪ್ಟನ್, ನಮ್ಮ ಓಣಿಯವನೇ. ಇಬ್ಬರೂ ಒಂದೇ ರಬ್ಬರ್ ಚೆಂಡಿನಲ್ಲಿ ಆಟ ಕಲಿತವರು. ಒಂದು ಸಿಕ್ಸರ್ ಬಿದ್ದರೆ ಅವರು ಗೆದ್ದಂತೆ. ಹೊಡೆದ. ಚೆಂಡು ನನ್ನ ನೆತ್ತಿಯ ಕಡೆಗೇ ಏರಿತು. ಮರಳಿಯವರಿಗೆ ನನ್ನ ಹೆಸರು ನೆನಪಿರಲಿಲ್ಲ, ಹೀಗಾಗಿ ಯಾರೂ ಕೂಗಲಿಲ್ಲ. ಬದುವಿನ ಮೇಲಿನವರು ಮಾತ್ರ "ಬಿಡ್ತಾನ, ಬಿಡ್ತಾನ" ಎನ್ನುತ್ತಿದ್ದರು. ನಾನು ಬಿಟ್ಟರೆ ಅವರಿಗೆ ಖುಷಿ. ಹಿಡಿಯಲೇಬೇಕೆಂದು ಜೀವ ಬಿಗಿಹಿಡಿದು ನಿಂತ ನನ್ನವರು ಅಲ್ಲಿ ಒಬ್ಬರೂ ಇರಲಿಲ್ಲ. ಅಂಗೈ ಒಣಗಿಯೇ ಇತ್ತು. ಚೆಂಡು ಬಂದು ಕೂತಿತು.

ಮರಳಿ ಹುಡುಗರೆಲ್ಲ ಬೌಲರನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಅಷ್ಟು ದೂರದಿಂದ ಓಡಿ ಸೇರುವಷ್ಟರಲ್ಲಿ ಅಪ್ಪಿಕೊಳ್ಳುವುದು ಮುಗಿದು, ಎಲ್ಲರೂ ನೀರು ಕುಡಿಯುತ್ತಿದ್ದರು. ಒಬ್ಬ ಬೆನ್ನು ತಟ್ಟಿ, "ಭಾಳ ಛಲೋ ಹಿಡದ್ರಿ" ಎಂದು ನನ್ನ ಕೈಗೂ ಲೋಟ ಕೊಟ್ಟ.

ಸಂಜೆ ಕುಷ್ಟಗಿಗೆ ಬಸ್ಸಿರಲಿಲ್ಲ. ರಸ್ತೆಯಲ್ಲಿ ನಿಂತಿದ್ದವನ ಮುಂದೆ ನಮ್ಮೂರ ಟೆಂಪೊ ನಿಂತಿತು.

"ಹತ್ತಲೇ," ಎಂದ ಕ್ಯಾಪ್ಟನ್. "ಇಲ್ಲೇ ಸಂಸಾರ ಹೂಡಾಂವ ಅದಿಯೇನು?"

ಎಲ್ಲರೂ ನಕ್ಕರು. ಸರಿದು ಜಾಗ ಕೊಟ್ಟರು. ತಾವರಗೇರಾ ದಾಟಿದ ಮೇಲೆ, ಉಳಿದವರು ತೂಕಡಿಸುವಾಗ, ಅವನು ಸಣ್ಣ ದನಿಯಲ್ಲಿ ಕೇಳಿದ.

"ಖರೇ ಹೇಳು. ನಮ್ಮ ಕೂಡ ಆಡುವಾಗ ಹಿಂಗ ಯಾಕ ಹಿಡೀಲಿಲ್ಲ?"

ನಾನು ಕಾಲ ಬಳಿ ಉರುಳುತ್ತಿದ್ದ ಚೆಂಡನ್ನು ಎತ್ತಿ ಅವರ ಚೀಲಕ್ಕೆ ಹಾಕಿದೆ.

"ಹೋಗ್ಲಿ ಬಿಡು. ಬರೋ ತಿಂಗಳ ಇರಕಲ್ಲಗಡದಾಗ ಮ್ಯಾಚ್ ಅದಾವ. ನಮ್ಮ ಕೂಡ ಬಾ."

ವರ್ಷವಿಡೀ ಕಾದಿದ್ದ ಮಾತು. ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, ಅವನು ಕೂಗುವುದು, ಚೆಂಡು ಜಾರುವುದು, ಆಮೇಲೆ ಚಹಾದಂಗಡಿಯಲ್ಲಿ ಅವನು ಏನೂ ಆಗಿಲ್ಲವೆಂಬಂತೆ ಮುಖ ಮಾಡಿಕೊಂಡು ಕೂಡುವುದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬಯ್ಯುವವರನ್ನು ತಡೆದುಕೊಳ್ಳಲು ಕಲಿತಿದ್ದೆ. ನನ್ನ ಮೇಲೆ ಆಸೆ ಇಟ್ಟವರನ್ನು ತಡೆದುಕೊಳ್ಳಲು ಇಂದಿಗೂ ಬರುವುದಿಲ್ಲ.

"ಬ್ಯಾಡಪಾ," ಎಂದೆ.

"ಒಂದು ಕ್ಯಾಚಿಗೇ ಇಷ್ಟು ಸೊಕ್ಕೇನಲೇ?" ಎಂದು ಅವನು ಮುಖ ತಿರುಗಿಸಿದ. ಸೊಕ್ಕೆಂದೇ ತಿಳಿಯಲಿ ಎಂದು ಬಿಟ್ಟೆ.

ಮರುತಿಂಗಳು ಇರಕಲ್ಲಗಡಕ್ಕೆ ಒಬ್ಬನೇ ಬಸ್ಸು ಹತ್ತಿ ಹೋದೆ, ಇನ್ನಾವುದೋ ಊರಿನ ಪರವಾಗಿ. ಮಧ್ಯಾಹ್ನ ಕುಷ್ಟಗಿ ಹುಡುಗರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ, ಒಬ್ಬರ ರೊಟ್ಟಿ ಒಬ್ಬರು ಕಿತ್ತುಕೊಂಡು ಗದ್ದಲ ಮಾಡುತ್ತಿದ್ದರು. ಅಷ್ಟರಲ್ಲಿ ಗುರುತಿಲ್ಲದ ಮುದುಕರೊಬ್ಬರು ಬಂದು, "ಹೊರಗಿನಿಂದ ಬಂದಾವ್ರು ನೀವ ಏನ್ರಿ? ನಡೀರಿ, ನಮ್ಮ ಮನಿಯಾಗ ಊಟ ಐತಿ," ಎಂದರು. ಮರದ ಕಡೆ ನೋಡದೆ ಅವರ ಹಿಂದೆ ನಡೆದೆ.