ಗ್ರಹಣದ ಬೆಳಿಗ್ಗೆ ಒಂದಿಷ್ಟು ಧೂಳು

ಊರೂರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ವರ್ಷ ನಾನು ಐದು ತಿಂಗಳ ಬಸುರಿ. ಬೆಂಗಳೂರಿನಲ್ಲಿ ನಾನು ಸಂಶೋಧನೆ ಮಾಡುತ್ತಿದ್ದ ಸಂಸ್ಥೆಯೂ ಮುಚ್ಚಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಬೆಳಕವಾಡಿಯ ತವರಿಗೆ ಬಂದುಬಿಟ್ಟೆ. ಹಿಂದಿನ ವರ್ಷ ನಾಲ್ಕನೆಯ ತಿಂಗಳಲ್ಲೇ ಮಗು ಹೋಗಿತ್ತು. ಈ ಸಲ ಮಳವಳ್ಳಿಯ ಡಾಕ್ಟರಮ್ಮ, "ಇನ್ನೇನು ಮಗು ಮಿಸುಕಾಡೋದು ಗೊತ್ತಾಗುತ್ತೆ, ನೋಡ್ತಿರಿ," ಎಂದಿದ್ದರು. ನೋಡುತ್ತಲೇ ಇದ್ದೆ. ಏನೂ ಗೊತ್ತಾಗುತ್ತಿರಲಿಲ್ಲ. ಅವ್ವ ದಿನಾ ಕಣ್ಣಲ್ಲೇ ಕೇಳುತ್ತಿದ್ದಳು, ನಾನು ದಿನಾ ಸಿಡುಕುತ್ತಿದ್ದೆ.

ನನ್ನ ಕೆಲಸ ಏನೆಂದು ಅವ್ವನಿಗೆ ಹೇಳಲು ಹೋಗಿ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೆ. ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಅನಿಲವೂ ಧೂಳೂ ದೊಡ್ಡ ತಟ್ಟೆಯ ಹಾಗೆ ಹರಡಿಕೊಂಡು ಸುತ್ತುತ್ತಿರುತ್ತವೆ. ಆ ಧೂಳು ಕೂಡಿಕೊಂಡು ಬೆಳೆದೇ ನಮ್ಮ ಭೂಮಿಯಂಥ ಗ್ರಹಗಳಾಗುವುದು. ಅದು ಹೇಗೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುತ್ತೇನೆ ಎಂದೆ.

"ಧೂಳು ನೋಡಕ್ಕೆ ಇಷ್ಟು ವರ್ಸ ಓದ್ಬೇಕಿತ್ತಾ? ನಾನು ದಿನಾ ಗುಡ್ಸಿ ಆಚ್ಗಾಕ್ತೀನಲ್ಲ!"

ಆದರೆ ನನ್ನ ಲೆಕ್ಕದಲ್ಲಿ ಧೂಳು ಉಳಿಯುತ್ತಲೇ ಇರಲಿಲ್ಲ. ಅನಿಲ ಧೂಳಿಗಿಂತ ಒಂಚೂರು ನಿಧಾನವಾಗಿ ಸುತ್ತುತ್ತದೆ. ಎದುರುಗಾಳಿಗೆ ಸೈಕಲ್ ತುಳಿದವರಂತೆ ಕಣಗಳು ವೇಗ ಕಳೆದುಕೊಂಡು, ಮೆಲ್ಲಗೆ ಒಳಕ್ಕೆ ಸರಿದು, ನಕ್ಷತ್ರಕ್ಕೇ ಬಿದ್ದುಹೋಗುತ್ತವೆ. ಗೋಲಿಯಷ್ಟಾಗುವ ಮೊದಲೇ ಎಲ್ಲ ಖಾಲಿ. ಲ್ಯಾಪ್‌ಟಾಪ್ ಮುಚ್ಚಿ ಅತ್ತದ್ದೂ ಉಂಟು. ಧೂಳಿಗಾಗಿ ಅಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಗೈಡು ಫೋನಿನಲ್ಲಿ, "ಅನಿಲ ಎಲ್ಲಾದರೂ ಒಂದು ಕಡೆ ದಟ್ಟವಾಗಿರೋ ಹಾಗೆ ಮಾಡಿ ನೋಡಮ್ಮ. ಕಣಗಳು ಅಲ್ಲಿ ತಂಗಬಹುದು," ಎಂದಿದ್ದರು. ಬೇಕಾದ ಉತ್ತರ ಬರಲೆಂದು ಬೇಕಾದ ಹಾಗೆ ಲೆಕ್ಕ ಹಾಕುವುದು ಕಳ್ಳಾಟ ಎನ್ನಿಸಿ ನಾನು ಅದನ್ನು ಮುಂದಕ್ಕೆ ತಳ್ಳುತ್ತಲೇ ಬಂದಿದ್ದೆ. ಕೊನೆಗೆ ಬೇರೆ ದಾರಿ ಕಾಣದೆ, ಒಂದು ಸಂಜೆ ಹಾಗೆಯೇ ಮಾಡಿ, ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಮನೆಯಿಂದಲೇ ಕಳಿಸಿದೆ. ಉತ್ತರ ಬರಲು ಒಂದು ದಿನವಾದರೂ ಬೇಕು.

ಮಾರನೆಯ ಬೆಳಿಗ್ಗೆ ಸೂರ್ಯಗ್ರಹಣ. ಊರ ಮಕ್ಕಳಿಗೆಲ್ಲ ತೋರಿಸಬೇಕಾದವಳು ನಾನು. ಅವ್ವ ನನ್ನನ್ನು ಒಳಕೋಣೆಗೆ ತಳ್ಳಿ, ಕಿಟಕಿ ಮುಚ್ಚಿ, ಚಾಪೆ ಹಾಸಿದಳು.

"ಕಾಲು ಮಡಿಸ್ಬೇಡ, ಅಳ್ಳಾಡ್ಬೇಡ, ನೆಟ್ಟಗೆ ಮಲಿಕ್ಕೊ."

"ಅವ್ವ, ನಾನು ಓದಿರೋದೇ ಇದನ್ನ!"

"ಓದಿರದ್ನೆಲ್ಲಾ ಗ್ರಾಣ ಬುಟ್ಮೇಲೆ ಯೋಳೀವಂತೆ. ಈಗ ಬಿದ್ಕೊ."

ನನಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೇ ನಿಲ್ಲುತ್ತಿದ್ದೆ, ಆದರೆ ಅವಳು ಚಾಪೆಯ ಅದೇ ಮೂಲೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಹೋದ ಸಲ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕುಳಿತಿದ್ದವಳು ಅವಳೇ. ಸುಮ್ಮನೆ ಮಲಗಿದೆ. ಅವಳು ಹಾಲಿನ ಪಾತ್ರೆಗೆ, ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕಿ ಬಂದು, ಉಳಿದ ಎರಡು ಎಸಳನ್ನು ನನ್ನ ಲ್ಯಾಪ್‌ಟಾಪಿನ ಮೇಲಿಟ್ಟಳು. "ನಿನ್ನ ಧೂಳೂ ಕೆಡ್ದಂಗಿರ್ಲಿ."

ಅಂಗಳದಲ್ಲಿ ಅಪ್ಪ ನಾನು ತಂದಿದ್ದ ಗ್ರಹಣದ ಕನ್ನಡಕವನ್ನೇ ಹಾಕಿಕೊಂಡು, "ಸುರುವಾಯ್ತು ಕಣವ್ವೋ!" ಎಂದು ಕೂಗುತ್ತಿದ್ದ. ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಬೇಡವೇ!

ಮಾಡಿನ ಹೆಂಚಿನಲ್ಲಿ ಸಣ್ಣದೊಂದು ತೂತಿತ್ತು. ಅದರಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ಬಿದ್ದಿತ್ತು. ಅವ್ವ ಎಷ್ಟು ಗುಡಿಸಿದರೂ ಮುಗಿಯದ ಧೂಳು ಆ ಬೆಳಕಿನಲ್ಲಿ ಮೇಲೇಳುತ್ತ, ಇಳಿಯುತ್ತ, ಗಾಳಿ ಕರೆದುಕೊಂಡು ಹೋದಲ್ಲಿಗೆ ಹೋಗುತ್ತಿತ್ತು. ನೋಡುತ್ತ ಕೋಪ ಇಳಿಯಿತು. ಆಮೇಲೆ ನೆಲದ ಮೇಲಿನ ಬೆಳಕಿನ ಬೊಟ್ಟನ್ನು ನೋಡಿದೆ. ಯಾರೋ ಒಂದು ಕಡೆ ಕಚ್ಚಿದ ಮದ್ದೂರು ವಡೆಯ ಹಾಗಿತ್ತು! ತೂತು ಸಣ್ಣದಿದ್ದರೆ ಸೂರ್ಯನ ಚಿತ್ರವೇ ನೆಲಕ್ಕೆ ಬೀಳುತ್ತದೆ. ಗ್ರಹಣ ಕಾಣದಿರಲೆಂದು ಅವ್ವ ಮುಚ್ಚಿದ್ದ ಕೋಣೆಗೇ ಗ್ರಹಣ ಬಂದಿತ್ತು.

ನಾನು ನಕ್ಕದ್ದಕ್ಕೆ ಅವ್ವನೂ ನೋಡಿದಳು. ಅಷ್ಟು ಹೊತ್ತಿಗೆ ಆ ಬೊಟ್ಟು ನೆಲ ದಾಟಿ ಚಾಪೆಗೆ ಬಂದು, ನನ್ನ ಸೀರೆಯ ಮೇಲೆ ಹತ್ತುತ್ತಿತ್ತು.

"ಅಯ್ಯಯ್ಯೋ, ಒಟ್ಟೆ ಮ್ಯಾಲೇ ಬತ್ತಾ ಅದಲ್ಲೇ!"

ಮಗ್ಗುಲಾಗು ಎನ್ನುವ ಹಾಗಿಲ್ಲ, ಅಲ್ಲಾಡಬಾರದೆಂಬುದೂ ಅವಳದೇ ಕಾನೂನು. ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ನನ್ನ ಹೊಟ್ಟೆಯ ಮೇಲೆ ತನ್ನ ಅಂಗೈ ಅಗಲಿಸಿ ಇಟ್ಟುಬಿಟ್ಟಳು. ಕಚ್ಚಿದ ಸೂರ್ಯ ಅವಳ ಕೈಯ ಮೇಲೆ ಬಂದು ಕುಳಿತ.

"ಅವ್ವ, ಅದು ಬರೀ ಬೆಳಕು. ಏನೂ ಮಾಡಲ್ಲ."

"ಏನಾರಾ ಮಾಡದಾದ್ರೆ ನಂಗೇ ಮಾಡ್ಲಿ, ಸುಮ್ಕಿರು."

ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತ ಮಲಗಿದ್ದೆ. ಅಷ್ಟು ದಿನದಲ್ಲಿ ನಾನು ಒಂದು ಕಡೆ ಅಷ್ಟು ಅಲುಗದೆ ಮಲಗಿದ್ದೇ ಇಲ್ಲ. ಆಗ ಒಳಗಿನಿಂದ, ಸರಿಯಾಗಿ ಅವಳ ಅಂಗೈ ಕೆಳಗೆ, ಯಾರೋ ತಟ್ಟಿದರು.

ಅವ್ವನ ಮುಖ ನೋಡಿದೆ. ಅವಳಿಗೂ ಗೊತ್ತಾಗಿತ್ತು.

"ಒದೀತಲ್ಲೇ!" ಎಂದಳು. ಇಬ್ಬರೂ ಒಟ್ಟಿಗೆ ಅತ್ತೆವು. ಇದು ಧೂಳಿಗಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪ ಹೊರಗಿನಿಂದ, "ಏನಾಯ್ತ್ರೇ?" ಎಂದು ಗಾಬರಿಯಿಂದ ಕೂಗುತ್ತಿದ್ದ.

ಗ್ರಹಣ ಬಿಟ್ಟು, ಸ್ನಾನ ಊಟ ಮುಗಿದು, ಸಂಜೆ ಗರಿಕೆ ತೆಗೆದಿಟ್ಟು ಲ್ಯಾಪ್‌ಟಾಪ್ ತೆರೆದೆ. ಉತ್ತರ ಬಂದಿತ್ತು. ಬಹಳಷ್ಟು ಧೂಳು ಈ ಸಲವೂ ಒಳಕ್ಕೆ ಬಿದ್ದುಹೋಗಿತ್ತು. ಆದರೆ ಅನಿಲ ದಟ್ಟವಾಗಿದ್ದ ಕಡೆ ತೆಳ್ಳಗೆ ಒಂದು ಉಂಗುರ ಉಳಿದಿತ್ತು, ಅದರೊಳಗೆ ಕಣಗಳು ಬೆಳೆಯುತ್ತಿದ್ದವು. ದಟ್ಟಣೆ ಅಲ್ಲಿಗೆ ಹೇಗೆ ಬಂತೆಂದು ಇನ್ನೂ ಲೆಕ್ಕ ಹಾಕಬೇಕಿತ್ತು, ಹಾಕೋಣ ಎನ್ನಿಸಿತು.

"ಅವ್ವ, ಬಾ ಇಲ್ಲಿ, ನೋಡು, ಧೂಳು ಉಳಿದದೆ!"

ಅವ್ವ ಬಂದಳು. ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಕುಳಿತು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ತಡಿ, ಇನ್ನೊಂದ್ಸಲ ಒದೀಲಿ," ಎಂದಳು.